ಇಂಗ್ಲಿಷಿನ ‘ಶುಗರ್’ ನಮ್ಮ ಸಕ್ಕರೆಯಿಂದ ಹೋದದ್ದೇ?

ಪ್ರಶ್ನೆ: ನಮ್ಮದು ಮಂಡ್ಯ. ಇಂಗ್ಲಿಷಿನ ‘ಶುಗರ್’ ಕನ್ನಡದ ‘ಸಕ್ಕರೆ’ಯಿಂದಲೇ ಹುಟ್ಟಿದ್ದು ಎಂದು ಇಲ್ಲಿ ಹಲವರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ, ಆದರೆ ನಂಟಂತೂ ಇದೆ. ಇವೆರಡೂ ತಾಯಿ ಮಗಳಲ್ಲ, ದಾಯಾದಿಗಳು. ಇಬ್ಬರಿಗೂ ಮೂಲ ಸಂಸ್ಕೃತದ ‘ಶರ್ಕರಾ’.

ಈ ಶರ್ಕರಾ ಮೊದಲು ಸಿಹಿಯೇ ಅಲ್ಲ, ನೊರಜುಗಲ್ಲು. ಸುಶ್ರುತ ಸಂಹಿತೆಯಲ್ಲಿ ಮೂತ್ರದಲ್ಲಿ ಬೀಳುವ ಹರಳಿಗೂ ಇದೇ ಹೆಸರು! ಅದು ಕಬ್ಬಿಗೆ ಅಂಟಿದ್ದೇಕೆ ಎಂದು ತಿಳಿಯಬೇಕಾದರೆ ನಿಮ್ಮ ಸುತ್ತಲಿನ ಯಾವುದಾದರೂ ಆಲೆಮನೆಗೆ ಹೋಗಿ ನಿಲ್ಲಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು, ಪಾಕ ಹದಕ್ಕೆ ಬಂದು, ಕೆಳಗಿಳಿದ ಮೇಲೆ ಮಗುಚುತ್ತಾ ಹೋದಂತೆ ನುಣುಪು ಹೋಗಿ ತರಿತರಿಯಾಗುತ್ತದೆ. ಒಂದಿಷ್ಟನ್ನು ಬೆರಳಿನಲ್ಲಿ ಉಜ್ಜಿದರೆ ಹೆಸರಿಟ್ಟವರ ಮನಸ್ಸು ಅರ್ಥವಾಗುತ್ತದೆ.

ಪ್ರಾಕೃತದಲ್ಲಿ ಇದು ‘ಸಕ್ಕರ’ವಾಗಿ ಕನ್ನಡಕ್ಕೆ ಬಂತು. ಪಡುವಣಕ್ಕೆ ಹೋದದ್ದು ಪರ್ಷಿಯನ್ನಿನಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಆಯಿತು. ಅರಬರು ಸಿಸಿಲಿ, ಸ್ಪೇನ್‌ಗಳಲ್ಲಿ ಕಬ್ಬು ನೆಟ್ಟರು. ಬೆಳೆಯ ಜೊತೆಗೆ ಹೆಸರೂ ಯುರೋಪಿಗೆ ಹೊಕ್ಕಿತು. ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲೆಂಡ್ ಮುಟ್ಟಿದ್ದು 13ನೆಯ ಶತಮಾನದ ಹೊತ್ತಿಗೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದದ್ದು 1933ರಲ್ಲಿ. ಲೆಕ್ಕ ನೀವೇ ಹಾಕಿ.

‘ಶುಗರ್’ನಲ್ಲಿ ‘ಶ’ ಇದೆ, ‘ಶರ್ಕರಾ’ದಲ್ಲೂ ಇದೆ, ಇನ್ನೇನು ಸಾಕ್ಷಿ ಬೇಕು ಎಂದು ವಾದಿಸುವವರೂ ಇದ್ದಾರೆ. ಕೇಳಲು ಸೊಗಸಾಗಿದೆ, ಆದರೆ ಆ ‘ಶ’ ಅರಬ್ಬಿಯಲ್ಲೇ ಉದುರಿಹೋಗಿತ್ತು. ಫ್ರೆಂಚರು ಇಂದಿಗೂ ‘ಸ’ಕಾರದಿಂದಲೇ ಹೇಳುತ್ತಾರೆ. ಇಂಗ್ಲಿಷರ ‘ಶ’ ಅವರ ನಾಲಿಗೆಯಲ್ಲೇ ಆಮೇಲೆ ಹುಟ್ಟಿದ್ದು. ‘ಶ್ಯೂರ್’ ಪದದಲ್ಲೂ ಹಾಗೆಯೇ ಆಗಿದೆ.

ಗ್ರೀಕರು ಇದೇ ಪದವನ್ನು ಇನ್ನೂ ಮೊದಲೇ ‘ಸಾಖರೋನ್’ ಮಾಡಿಕೊಂಡಿದ್ದರು. ಕಬ್ಬಿನ ಸಸ್ಯಶಾಸ್ತ್ರೀಯ ಹೆಸರು ‘ಸ್ಯಾಕರಮ್’ ಆ ಕವಲಿನದು. 1879ರಲ್ಲಿ ಕಲ್ಲಿದ್ದಲಿನ ಟಾರಿನಿಂದ ಪಡೆದ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಸಿಕ್ಕಿದ ಸಿಹಿ ಪದಾರ್ಥಕ್ಕೂ ‘ಸ್ಯಾಕರಿನ್’ ಎಂದೇ ಹೆಸರಾಯಿತು. ಅದರಲ್ಲಿ ಸಕ್ಕರೆಯ ಒಂದು ಕಣವೂ ಇಲ್ಲ. ಇನ್ನು ‘ಕ್ಯಾಂಡಿ’ ಬೇರೆ ಮನೆಯದು, ತುಂಡು ಎಂಬ ಅರ್ಥದ ಸಂಸ್ಕೃತದ ‘ಖಂಡ’ದಿಂದ ಪರ್ಷಿಯನ್, ಅರಬ್ಬಿ ಹಾದು ಹೋದದ್ದು.

ತೆಂಕಣದ ಪಾಲು ಬೇಕೇಬೇಕೆಂದರೆ ಬೆಲ್ಲಕ್ಕೆ ಇಂಗ್ಲಿಷರು ಹೇಳುವ ‘ಜಾಗರಿ’ಯನ್ನು ಹಿಡಿಯಿರಿ. ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಲಿತು ಒಯ್ದ ಪದವದು; ಮೂಲ ಅದೇ ಶರ್ಕರಾ. ಆದರೆ ನಿಘಂಟುಕಾರರು ಅಲ್ಲಿ ಹೆಚ್ಚಾಗಿ ಬೊಟ್ಟು ಮಾಡುವುದು ಮಲಯಾಳಂನ ‘ಚಕ್ಕರ’ದ ಕಡೆಗೆ.