ಆಫ್ರಿಕನ್ನರ ಕೂದಲು ಉದ್ದ ಬೆಳೆಯುವುದೇ ಇಲ್ಲವೇ?

ಪ್ರಶ್ನೆ: ಆಫ್ರಿಕನ್ ಮೂಲದವರ ಕೂದಲು ಯಾವಾಗ ನೋಡಿದರೂ ಗಿಡ್ಡವಾಗಿಯೇ ಇರುತ್ತದಲ್ಲ, ಏಕೆ? ಅದು ನಮ್ಮ ಕೂದಲಿಗಿಂತ ಬೇರೆ ಪದಾರ್ಥವೇ?

ಬೆಳೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬಿಗಿಯಾಗಿ ಸುತ್ತಿಕೊಂಡ ಒಂದು ಎಳೆಯನ್ನು ಹಿಡಿದು ಎಳೆದರೆ ಎರಡು ಪಟ್ಟು, ಕೆಲವರಲ್ಲಿ ಮೂರು ಪಟ್ಟು ಉದ್ದ ಬರುತ್ತದೆ. ಬಿಟ್ಟರೆ ಪೆನ್ನಿನ ಸ್ಪ್ರಿಂಗಿನಂತೆ ಮತ್ತೆ ಸುರುಳಿಯಾಗುತ್ತದೆ. ಕಿವಿಯ ಹತ್ತಿರವೇ ನಿಂತಂತೆ ಕಾಣುವ ಕೂದಲು ನಿಜಕ್ಕೂ ಹೆಗಲು ಮುಟ್ಟುವಷ್ಟಿರಬಹುದು.

ಪದಾರ್ಥವೂ ಬೇರೆಯಲ್ಲ. ಎಲ್ಲರ ಕೂದಲೂ ಕೆರಾಟಿನ್ ಎಂಬ ಪ್ರೋಟೀನಿನದೇ. ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ: ಹಿಟ್ಟು ಅದೇ, ಬಿಲ್ಲೆ ಬದಲಿಸಿದರೆ ಒಮ್ಮೆ ದುಂಡನೆಯ ಸೇವು, ಒಮ್ಮೆ ಚಪ್ಪಟೆ ರಿಬ್ಬನ್ ಪಕೋಡ. ಚೀನಾ, ಜಪಾನಿನವರ ಕೂದಲನ್ನು ಅಡ್ಡ ಕತ್ತರಿಸಿ ನೋಡಿದರೆ ಹೆಚ್ಚುಕಡಿಮೆ ದುಂಡಗಿರುತ್ತದೆ. ಆಫ್ರಿಕನ್ ಮೂಲದವರದು ಚಪ್ಪಟೆ. ಹೋಲಿಕೆ ಪೂರ್ತಿ ಒಪ್ಪುವುದಿಲ್ಲ ಬಿಡಿ, ಏಕೆಂದರೆ ಇಲ್ಲಿ ಬಿಲ್ಲೆಗಿಂತ ಒರಳೇ ಬಾಗಿರುವುದು ಮುಖ್ಯ. ಚರ್ಮದೊಳಗಿನ ರೋಮಕೂಪ ಕುಡುಗೋಲಿನಂತೆ ಬಾಗಿದ್ದರೆ ಕೂದಲು ಹುಟ್ಟುವಾಗಲೇ ಸುರುಳಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಜನರ ಪೂರ್ವಜರು ಪೂರ್ವ ಆಫ್ರಿಕಾದಿಂದ ಬಂದವರು. ನೂರಾರು ವರ್ಷದ ನಂತರವೂ ಅವರಲ್ಲಿ ಅನೇಕರ ಕೂದಲು ಹೀಗೇ ಇದೆ.

ಉದ್ದದ ವಿಷಯದಲ್ಲಿ ಇನ್ನೆರಡು ಮಾತಿವೆ. ಬೆಳವಣಿಗೆ ಸ್ವಲ್ಪ ನಿಧಾನ ನಿಜ: ಅಳತೆಗಳ ಪ್ರಕಾರ ತಿಂಗಳಿಗೆ ಸುಮಾರು 8 ಮಿಲಿಮೀಟರ್, ಯುರೋಪಿಯನ್ನರದು 12ರ ಆಸುಪಾಸು. ಅದಕ್ಕಿಂತ ದೊಡ್ಡ ಕಾರಣ ತುಂಡಾಗುವುದು. ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ತುದಿಯತ್ತ ಇಳಿಯುತ್ತದೆ. ಇಲ್ಲಿ ತಿರುವು ತಿರುವಿನಲ್ಲೂ ತಡೆ. ಹಾಗಾಗಿ ಬುಡದಲ್ಲಿ ಜಿಡ್ಡಿದ್ದರೂ ತುದಿ ಒಣಗಿರುತ್ತದೆ. ಎಳೆಗಳು ಒಂದಕ್ಕೊಂದು ಸುತ್ತಿ ಗಂಟಾಗುತ್ತವೆ, ಬಾಚಣಿಗೆ ಎಳೆದಾಗ ತಿರುವಿರುವ ಜಾಗದಲ್ಲೇ ಮುರಿಯುತ್ತವೆ. ನೋಡಲು ದಟ್ಟ, ಗಟ್ಟಿ ಎನಿಸುವ ಈ ಕೂದಲು ಎಲ್ಲಕ್ಕಿಂತ ನಾಜೂಕು. ಸಣ್ಣ ಸಣ್ಣ ಜಡೆ ಹೆಣೆದು ವಾರಗಟ್ಟಲೆ ಬಿಡುವುದು ಚಂದಕ್ಕೆ ಮಾತ್ರವಲ್ಲ, ದಿನಾ ಬಾಚುವ ಕಾಟ ತಪ್ಪಿಸಲಿಕ್ಕೂ ಹೌದು. ಆ ಜಡೆಗಳನ್ನೇ ಅಶಿಸ್ತು ಎಂದು ಶಾಲೆ, ಕಚೇರಿಗಳು ತಡೆಯುತ್ತಿದ್ದ ಕಾರಣ ಅಮೆರಿಕದ ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ತರಬೇಕಾಯಿತು.

ಸುರುಳಿಯಿಂದ ಲಾಭವೇನು? 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೆಚ್ಚಗಿನ ಗೊಂಬೆಯ ತಲೆಗೆ ಮನುಷ್ಯರ ಕೂದಲಿನದೇ ಬೇರೆ ಬೇರೆ ವಿಗ್ ತೊಡಿಸಿ, ಬಿಸಿಲಿನಂಥ ದೀಪ ಹಾಯಿಸಿದರು. ತಲೆಗೆ ತಾಗುವ ಬಿಸಿಲಿನ ಶಾಖವನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆದದ್ದು ಬಿಗಿ ಗುಂಗುರಿನ ವಿಗ್. ಬಿಸಿಲುನಾಡಿನಲ್ಲಿ ಹುಟ್ಟಿದ ಮನುಷ್ಯನಿಗೆ ಹುಟ್ಟುಕೊಡೆ ಎನ್ನೋಣ.

ಕೊನೆಗೆ, ಒದ್ದೆ ತಲೆ ಬಾಚಬೇಡ ಎಂದು ಅಮ್ಮಂದಿರು ಗದರುವುದು ನಮ್ಮ ಕೂದಲಿಗೆ ಸರಿ. ಬಿಗಿ ಗುಂಗುರಿಗೆ ಆ ಮಾತು ತಿರುಗುಮುರುಗು: ಕಂಡೀಷನರ್ ಹಚ್ಚಿ, ಒದ್ದೆ ಇರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸುತ್ತಾ ಹೋಗಬೇಕು. ಶಾಂಪೂ ವಾರಕ್ಕೊಮ್ಮೆ ಧಾರಾಳ ಸಾಕು.