ನೂರು ವರ್ಷದ ತೊಲೆಗೂ ಮಳೆಗಾಲ ಗೊತ್ತಾಗುತ್ತದೆ

ಕೆಡವಿದ ತೊಟ್ಟಿಮನೆಗಳ ಮರ ಮಾರುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: ‘ನೂರು ವರ್ಷ ಒಣಗಿದ ತೇಗ ಸಾರ್, ಇನ್ನು ಬಿರಿಯುವುದೂ ಇಲ್ಲ, ಬಾಗುವುದೂ ಇಲ್ಲ.’ ಆ ಮಾತನ್ನು ನಂಬಿ ಜನ ತೊಲೆಯನ್ನು ಸೀಳಿಸಿ ಗೋಡೆಯ ಕಪಾಟು, ಕನ್ನಡಿಯ ಚೌಕಟ್ಟು, ದೀಪದ ಪೀಠ ಮಾಡಿಸಿಕೊಳ್ಳುತ್ತಾರೆ. ಮಳೆಗಾಲ ಕಳೆದು ಒಣಗಾಳಿ ಬೀಸತೊಡಗಿದಾಗ ಹಲಗೆಯ ನಡುವೆ ಉದ್ದಕ್ಕೆ ಬಿರುಕು ಬಿಡುತ್ತದೆ. ಮಾರಿದವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ತೊಂದರೆ ಇರುವುದು ಉಳಿದ ಅರ್ಧದಲ್ಲಿ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದಷ್ಟು ಜೀವಕೋಶಗಳ ಟೊಳ್ಳಿನಲ್ಲಿ, ಇನ್ನಷ್ಟು ಕೋಶಭಿತ್ತಿಯ ಎಳೆಗಳ ನಡುವೆ. ಟೊಳ್ಳಿನ ನೀರು ಮೊದಲು ಆರುತ್ತದೆ. ಆಗ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಸುಮಾರು 30 ಶೇಕಡಕ್ಕೆ ಇಳಿದ ಮೇಲೆ ಭಿತ್ತಿಯ ನೀರು ಹೊರಡುತ್ತದೆ. ಮರ ಸಣ್ಣದಾಗುವುದು, ತಿರುಚಿಕೊಳ್ಳುವುದು ಎಲ್ಲವೂ ಶುರುವಾಗುವುದು ಅಲ್ಲಿಂದ. ಆದರೆ ಈ ದಾರಿ ಒಮ್ಮುಖವಲ್ಲ. ಭಿತ್ತಿಯಲ್ಲಿರುವ ಸೆಲ್ಯುಲೋಸ್ ಎಂಬ ನಾರಿನ ಅಂಶ ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಗಾಳಿಯ ಆರ್ದ್ರತೆ 50 ಶೇಕಡ ಇರುವಾಗ ಮರದಲ್ಲಿ ನಿಲ್ಲುವ ನೀರು ಸುಮಾರು 9 ಶೇಕಡ. ಆರ್ದ್ರತೆ 85 ದಾಟಿದರೆ ಅದು 18ರ ಆಸುಪಾಸಿಗೆ ಏರುತ್ತದೆ. ಕಲಬುರಗಿಯ ಏಪ್ರಿಲ್‌ಗೂ ಮಂಗಳೂರಿನ ಜುಲೈಗೂ ಒಂದೇ ಹಲಗೆ ಒಂದೇ ಅಗಲದಲ್ಲಿ ಇರುವುದಿಲ್ಲ. ಕಡಿದ ವರ್ಷ ಯಾವುದೆಂಬುದು ಇದರಲ್ಲಿ ಲೆಕ್ಕಕ್ಕೆ ಬರುವುದು ಅಷ್ಟಕ್ಕಷ್ಟೇ.

ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗಿದ್ದರೆ ಅಷ್ಟು ಪೇಚಾಟ ಇರುತ್ತಿರಲಿಲ್ಲ. ಉದ್ದದಲ್ಲಿ ಮರ ಬಹುತೇಕ ಕುಗ್ಗುವುದೇ ಇಲ್ಲ. ಅಡ್ಡಲಾಗಿ ನೋಡಿದರೆ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು ಹೆಚ್ಚುಕಡಿಮೆ ಎರಡು ಪಟ್ಟು. ಲೆಕ್ಕ ಹಾಕಿ ನೋಡಿ: ಉಂಗುರಗಳ ಗುಂಟ ಸೀಳಿದ 30 ಸೆಂಟಿಮೀಟರ್ ಅಗಲದ ತೇಗದ ಹಲಗೆಯ ತೇವಾಂಶ 8 ಶೇಕಡದಷ್ಟು ಏರಿಳಿದರೆ ಅದರ ಅಗಲ ನಾಲ್ಕು ಮಿಲಿಮೀಟರ್ ಆಚೀಚೆ ಹೋಗುತ್ತದೆ. ತೇಗವಾದರೋ ಕಡಿಮೆ ಕದಲುವ ಮರಗಳಲ್ಲಿ ಒಂದು. ಆ ನಾಲ್ಕು ಮಿಲಿಮೀಟರಿಗೆ ಜಾಗ ಕೊಡದೆ ನಾಲ್ಕೂ ಬದಿಗೆ ಅಂಟು ಹಾಕಿ ಬಿಗಿದರೆ ಬಿರುಕು ಬಿಡದೆ ಇನ್ನೇನಾಗುತ್ತದೆ?

ಹಳೆಯ ಬಡಗಿಗಳಿಗೆ ಸೆಲ್ಯುಲೋಸಿನ ಹೆಸರು ಗೊತ್ತಿರಲಿಲ್ಲ, ಆದರೆ ಅದರ ಗುಣ ಚೆನ್ನಾಗಿ ಗೊತ್ತಿತ್ತು. ಹಳೆಯ ಬಾಗಿಲೊಂದನ್ನು ಬಿಚ್ಚಿ ನೋಡಿ. ನಡುವಿನ ಹಲಗೆಗೆ ಅಂಟೂ ಇರುವುದಿಲ್ಲ, ಮೊಳೆಯೂ ಇರುವುದಿಲ್ಲ; ಸುತ್ತಲಿನ ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಅದು ಸಡಿಲವಾಗಿ ಕೂತಿರುತ್ತದೆ. ಮಳೆಗಾಲದಲ್ಲಿ ಹಿಗ್ಗಲಿ, ಬೇಸಿಗೆಯಲ್ಲಿ ಕುಗ್ಗಲಿ ಎಂದೇ ಬಿಟ್ಟ ಜಾಗ ಅದು. ಇಂಥ ಕೂಡಿಕೆಗಳನ್ನು ಮುರಿಯದೆ ಬಿಚ್ಚಿ ಮತ್ತೆ ಜೋಡಿಸಲು ಬರುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಆವರಣದಲ್ಲಿ ಎಬ್ಬಿಸಿ ನಿಲ್ಲಿಸಿದರು. ಅಂಟು ಸುರಿದು ಕಟ್ಟಿದ ಮನೆಗಳಾಗಿದ್ದರೆ ಅದು ನಡೆಯುವ ಮಾತಾಗಿರಲಿಲ್ಲ.

ಹಾಗಾದರೆ ಮಾರುವವನ ಮಾತಿನಲ್ಲಿರುವ ನಿಜದ ಅರ್ಧ ಯಾವುದು? ಬೆಳೆಯುವಾಗ ಮರದೊಳಗೆ ಸಿಕ್ಕಿಕೊಂಡ ಬಿಗುವು ದಶಕಗಳಲ್ಲಿ ಸಡಿಲಗೊಂಡಿರುತ್ತದೆ. ಕೋಶಭಿತ್ತಿಯ ಹೆಮಿಸೆಲ್ಯುಲೋಸ್ ಎಂಬ ಅಂಶವೇ ನೀರನ್ನು ಅತಿ ಹೆಚ್ಚು ಹಿಡಿಯುವಂಥದ್ದು; ಕಾಲ ಕಳೆದಂತೆ ಅದು ನಿಧಾನವಾಗಿ ಒಡೆಯುವುದರಿಂದ ಹಳೆಯ ಮರ ತುಸು ಕಡಿಮೆ ತೇವ ಕುಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಆ ಕಾಲದ ತೊಲೆಗಳು ದೊಡ್ಡ ಮರಗಳ ಚೇಗಿನಿಂದ, ಅಂದರೆ ಒಳಗಿನ ಗಟ್ಟಿ ಭಾಗದಿಂದ ಬಂದವು. ತೇಗದ ಚೇಗಿನಲ್ಲಿ ಗೆದ್ದಲಿಗೆ ಆಗದ ಟೆಕ್ಟೋಕ್ವಿನೋನ್ ಎಂಬ ರಾಸಾಯನಿಕವಿದೆ. ಮರದ ಅಂಚಿನ ಬಿಳಿ ಭಾಗದಲ್ಲಿ ಆ ರಕ್ಷಣೆ ಇಲ್ಲ. ಕುಟ್ಟೆ ಹುಳಕ್ಕೆ ಬೇಕಾದ ಪಿಷ್ಟವೂ ಅಲ್ಲೇ ಇರುತ್ತದೆ. ಒಂದೆರಡು ಮಿಲಿಮೀಟರಿನ ತೂತುಗಳು ಕಂಡ ಮಾತ್ರಕ್ಕೆ ಗಾಬರಿ ಬೇಡ. ಹುಳ ಎಂದೋ ಹಾರಿಹೋಗಿರಬಹುದು. ಮರವನ್ನು ತಟ್ಟಿ ಕೊಡವಿ, ಅಡಿಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಹಿಟ್ಟಿನಂಥ ಪುಡಿ ಹೊಸದಾಗಿ ಉದುರಿದರೆ ಒಳಗೆ ಇನ್ನೂ ಊಟ ನಡೆದಿದೆ ಎಂದೇ ಅರ್ಥ.

ಮೊಳೆಯ ಸುತ್ತಲಿನ ಕಪ್ಪು ಕಲೆಯ ಕಥೆ ನನಗೆ ಇವೆಲ್ಲಕ್ಕಿಂತ ಇಷ್ಟ. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಮೇಲ್ಮೈಯನ್ನು ಕೆತ್ತಿದರೆ ಎರಡು ಮೂರು ಮಿಲಿಮೀಟರ್ ಕೆಳಗೆ ಹೊಂಬಣ್ಣದ ಮರ ಸಿಗುತ್ತದೆ. ಆದರೆ ಮೊಳೆಯಿದ್ದ ಕಡೆ ನೀಲಿಗಪ್ಪು ಗೆರೆ ಆಳಕ್ಕೆ ಇಳಿದಿರುತ್ತದೆ. ತೇವದ ಮರದಲ್ಲಿ ಕಬ್ಬಿಣ ಕರಗಿ ಮರದೊಳಗಿನ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿದಾಗ ಹುಟ್ಟುವ ಬಣ್ಣ ಅದು. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದುದೂ ಇದೇ ರಸಾಯನದಿಂದ. ಆಕ್ಸಾಲಿಕ್ ಆಮ್ಲದ ದ್ರಾವಣ ಆ ಕಬ್ಬಿಣವನ್ನು ಹಿಡಿದುಕೊಂಡು ಕಲೆಯನ್ನು ತಿಳಿಯಾಗಿಸುತ್ತದೆ. ಅದು ವಿಷ, ಕೈಗವಸಿಲ್ಲದೆ ಮುಟ್ಟಬಾರದು. ನನ್ನನ್ನು ಕೇಳಿದರೆ ಕಲೆ ಹಾಗೆಯೇ ಇರಲಿ. ಅದನ್ನು ತೆಗೆದು ಕೊನೆಗೆ ಹೊಸ ಪ್ಲೈವುಡ್‌ನಂತೆ ಕಾಣಿಸುವುದಾದರೆ ಹಳೆಯ ಮರ ಯಾಕೆ ಬೇಕಿತ್ತು? ಆದರೆ ತೂತಿನ ಸುತ್ತ ಉಗುರಿನಿಂದ ಒತ್ತಿ ನೋಡಿ. ತುಕ್ಕು ಮರದ ಎಳೆಗಳನ್ನೂ ತಿಂದು ಮೆತ್ತಗೆ ಮಾಡಿರುತ್ತದೆ. ಭಾರ ಹೊರುವ ತಿರುಪನ್ನು ಅಲ್ಲಿ ಹಾಕಬಾರದು.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಚಕ್ಕೆ ಏಳುತ್ತಿರುವ ಹಳೆಯ ಕಿಟಕಿಯನ್ನು ಹಾಗೆಯೇ ಗೋಡೆಗೆ ತೂಗುಹಾಕುವುದು ಈಗಿನ ಶೋಕಿ. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿರುವ ಸೀಸ ಎಂಬ ವಿಷಲೋಹಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಎಂಬ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದೆ ಎಂದೇ ಎಣಿಸಿ ನಡೆಯುವುದು ಕ್ಷೇಮ. ಅಂಥ ಕಿಟಕಿಯನ್ನು ಒಣಗಿದ್ದಾಗ ಮರಳು ಕಾಗದದಿಂದ ಉಜ್ಜಬಾರದು, ಮಗುವಿನ ಕೋಣೆಯಲ್ಲಂತೂ ತೂಗುಹಾಕಲೇಬಾರದು. ಹಳೆಯ ಮನೆಯ ಮರದ ಬದಲು ಸರಕು ಸಾಗಿಸುವ ಪ್ಯಾಕಿಂಗ್ ಪ್ಯಾಲೆಟ್‌ಗಳ ಹಲಗೆಯಾದರೆ ಅದರ ಮೇಲಿನ ಮುದ್ರೆ ನೋಡಿ: ‘ಎಚ್‌ಟಿ’ ಎಂದರೆ ಒಳಗಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದು, ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ಕೀಟನಾಶಕ ವಿಷಾನಿಲದ ಧೂಮ ಕೊಟ್ಟದ್ದು. ಎರಡನೆಯದು ಬೇಡ.

ಕೊನೆಯ ಲೇಪಕ್ಕೆ ಅಗಸೆ ಎಣ್ಣೆ ಒಳ್ಳೆಯದು. ತೇವದ ಓಡಾಟವನ್ನು ಅದು ನಿಲ್ಲಿಸುವುದಿಲ್ಲ, ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ. ನೀರು ಆರುವಂತೆ ಅದು ಆರುವುದಿಲ್ಲ; ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ, ಆಗ ಶಾಖ ಹೊರಡುತ್ತದೆ. ಹಲಗೆಯ ಮೇಲಿನ ತೆಳು ಪದರದಿಂದ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗಿನ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಕೆಲವೇ ಗಂಟೆಗಳಲ್ಲಿ ಅದು ತಾನಾಗಿ ಹೊತ್ತಿಕೊಳ್ಳಬಹುದು. ಆ ಬಟ್ಟೆಯನ್ನು ಹೊರಗೆ, ಒಂಟಿ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ಬಕೆಟ್ ನೀರಿನಲ್ಲಿ ಮುಳುಗಿಸಿಡಿ.