‘ಕ್ಯಾಟ್‌ಗಟ್’ ಅಂದರೆ ಬೆಕ್ಕಿನ ಕರುಳೇ?

ಪ್ರಶ್ನೆ: ಹಿಂದೆ ವಯೊಲಿನ್‌ಗೂ ಲ್ಯೂಟ್ ಎಂಬ, ಮೀಟಿ ನುಡಿಸುವ ಯುರೋಪಿನ ಹಳೆಯ ವಾದ್ಯಕ್ಕೂ ‘ಕ್ಯಾಟ್‌ಗಟ್’ ತಂತಿ ಬಿಗಿಯುತ್ತಿದ್ದರಂತೆ. ನಿಜಕ್ಕೂ ಬೆಕ್ಕಿನ ಕರುಳೇ?

ಅಲ್ಲ, ಕುರಿಯದು. ಬೆಕ್ಕು ಹೆಸರಿನಲ್ಲಷ್ಟೇ ಇದೆ. ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯದಲ್ಲೇ ಗಾಯಕ ತನ್ನ ವಾದ್ಯಕ್ಕೆ ಹುರಿ ಹಾಕಿದ ಕುರಿಕರುಳು ಬಿಗಿಯುವ ಮಾತು ಬರುತ್ತದೆ. ನಮ್ಮಲ್ಲಿ ಸಾರಂಗಿಯ ಮುಖ್ಯ ತಂತಿಗಳೂ ಪಿಂಜಾರರು ಹತ್ತಿ ಹಿಂಜುವ ಬಿಲ್ಲಿನ ಹೆದೆಯೂ ಕರುಳಿನವೇ.

ಕುರಿಯ ಸಣ್ಣಕರುಳು 20 ಮೀಟರ್ ದಾಟುತ್ತದೆ. ಒಳಗಿನ ಲೋಳೆಪೊರೆ, ಹೊರಗಿನ ಕೊಬ್ಬು ಕೆರೆದುಹಾಕಿದ ಮೇಲೆ ಉಳಿಯುವ ಕೊಲಾಜೆನ್ (ನಾರಿನಂಥ ಪ್ರೋಟೀನ್) ಪದರವೇ ತಂತಿಯ ಮುಖ್ಯ ಸರಕು. ಕುರಿ ಕಡಿದ ಮೇಲೆ ಕರುಳು ಬೆಚ್ಚಗಿರುವಾಗಲೇ ಹಿಂಡಿ ತೊಳೆಯಬೇಕು. ತಡವಾದರೆ ಕೊಳೆತು ನಾರು ಸಡಿಲವಾಗುತ್ತದೆ. ನಂತರ ಕ್ಷಾರದ ನೀರಲ್ಲಿ ನೆನೆಹಾಕಿ ಮತ್ತೆ ಮತ್ತೆ ಕೆರೆಯುತ್ತಾರೆ. ಕ್ಷಾರ ಮೊದಲ ದಿನವೇ ಖಾರವಾದರೆ ನಾರಿಗೇ ಪೆಟ್ಟು, ಆದ್ದರಿಂದ ತೆಳುವಾಗಿ ಶುರುಮಾಡಿ ದಿನೇದಿನೇ ಏರಿಸಬೇಕು. ಹಸಿಯಿರುವಾಗಲೇ ಹುರಿ ಹಾಕಿ, ಚೌಕಟ್ಟಿಗೆ ಬಿಗಿದು, ಗಂಧಕದ ಹೊಗೆ ಕೊಟ್ಟು ಒಣಗಿಸಿ, ಉಜ್ಜಿ ಎಣ್ಣೆ ಸವರಿದರೆ ತಂತಿ ಸಿದ್ಧ.

ಒಂದು ತಂತಿಗೆ ಎಷ್ಟು ಕರುಳು? 1765-66ರಲ್ಲಿ ಇಟಲಿ ಸುತ್ತಿದ ಫ್ರೆಂಚ್ ಖಗೋಳಜ್ಞ ಲಾಲಾಂಡ್ ಬರೆದಿಟ್ಟ ಲೆಕ್ಕ ಹೀಗಿದೆ: ಮ್ಯಾಂಡೊಲಿನ್‌ನ ಸಣ್ಣ ತಂತಿಗೆ 2, ವಯೊಲಿನ್‌ನ ಮೊದಲ ತಂತಿಗೆ 3, ಮಂದ್ರಸ್ವರದ ಬಾಸ್ ವಾದ್ಯದ ಅತಿ ದಪ್ಪ ತಂತಿಗೆ 120. ಅಷ್ಟು ದಪ್ಪದ್ದು ಸುಲಭವಾಗಿ ಬಾಗುವುದಿಲ್ಲ, ನಾದವೂ ಮಂಕು. ಅದಕ್ಕೇ ಮಂದ್ರದ ತಂತಿಗೆ ಹುರಿ ಹೆಚ್ಚು, ಮೇಲಿನ ತಂತಿಗೆ ಕಡಿಮೆ. ಹುರಿ ಹೆಚ್ಚಿದಷ್ಟೂ ಬಳುಕು ಹೆಚ್ಚು, ಬಲ ಕಡಿಮೆ. 17ನೇ ಶತಮಾನದ ಎರಡನೇ ಅರ್ಧದಲ್ಲಿ ಕರುಳಿನ ಮೇಲೆ ಲೋಹದ ತಂತಿ ಸುತ್ತುವ ಉಪಾಯ ಬಂದ ಮೇಲೆ ಈ ತೊಡಕು ಬಹುಪಾಲು ನೀಗಿತು.

ಅಸಲಿ ತಲೆನೋವು ಬೇರೆ. ಕರುಳಿನ ದಪ್ಪ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಅಂಥ ತಂತಿಯನ್ನು ಬೆರಳಿಡದೆ ನುಡಿಸಿದಾಗ ಶ್ರುತಿ ಸರಿ, ಬೆರಳಿಟ್ಟರೆ ಸ್ವರ ಜಾರುತ್ತದೆ. ಹಳೆಯ ಲ್ಯೂಟ್ ವಾದಕರ ಪರೀಕ್ಷೆ ಸರಳ: ತಂತಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಮೀಟುವುದು. ಕಂಪಿಸುವಾಗ ಎರಡು ಸ್ಪಷ್ಟ ಗೆರೆ ಕಂಡರೆ ತಂತಿ ಒಳ್ಳೆಯದು. ಕಲಸಿಹೋದಂತೆ ಹಲವು ಕಂಡರೆ ಎಸೆಯಿರಿ, ಬೆಲೆ ಎಷ್ಟೇ ಇರಲಿ.

ಇಂದೂ ಕರುಳಿನ ತಂತಿ ಬಳಸುವವರಿಗೆ ಒಂದು ಮಾತು: ತೇವ ಹೀರಿ ಅದು ಉಬ್ಬುತ್ತದೆ, ಶ್ರುತಿ ಕದಲುತ್ತದೆ. ಕೂದಲಿನಂಥ ಎಳೆ ಎದ್ದರೆ ಎಳೆಯಬೇಡಿ, ಉದ್ದಕ್ಕೂ ಸೀಳುತ್ತದೆ. ಉಗುರು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ.